ತವರದ ಐಸೋಮರ್ ಅರ್ಧಾಯುಷ್ಯ ತೆಗೆಯೋದು ಹೇಗೆ: ಮೊದಲು ತವರ-132 ಹಿಡಿಯಿರಿ

ಐಸೋಮರ್ ಅಂದರೆ ಹೆಚ್ಚಿನ ಶಕ್ತಿಯ ಸ್ಥಿತಿಯಲ್ಲಿ ಸ್ವಲ್ಪ ಹೊತ್ತು ಸಿಕ್ಕಿಕೊಂಡು ನಿಲ್ಲುವ ನ್ಯೂಕ್ಲಿಯಸ್. ನ್ಯೂಟ್ರಾನ್ ಜಾಸ್ತಿ ಇರುವ ತವರದ ಡೇಟಾ ಕೈಗೆ ಸಿಕ್ಕ ಕೂಡಲೇ ತವರ-136, ತವರ-138ರ ಕಡೆ ಓಡಬೇಕು ಅನಿಸುತ್ತೆ. ದಯವಿಟ್ಟು ಬೇಡ. ತವರ-132ರಿಂದ ಶುರು ಮಾಡಿ. 50 ಪ್ರೋಟಾನ್, 82 ನ್ಯೂಟ್ರಾನ್, ಎರಡೂ ಮ್ಯಾಜಿಕ್ ಸಂಖ್ಯೆ, ಅಂದರೆ ನ್ಯೂಕ್ಲಿಯಸ್‌ನ ಚಿಪ್ಪು ಪೂರ್ತಿ ತುಂಬುವ ಸಂಖ್ಯೆ. ಇದರ 8+ ಸ್ಥಿತಿ (ಸ್ಪಿನ್ 8, ಪ್ಯಾರಿಟಿ ಧನ) 4848 ಕೆಇವಿಯಲ್ಲಿದೆ (ಕಿಲೋ ಎಲೆಕ್ಟ್ರಾನ್‌ವೋಲ್ಟ್, ಶಕ್ತಿಯ ಅಳತೆ), ಅರ್ಧಾಯುಷ್ಯ ಸುಮಾರು 2 ಮೈಕ್ರೋಸೆಕೆಂಡ್. ಕೆಳಗಿಳಿಯುವಾಗ 132, 300, 375, 4041 ಕೆಇವಿಯ ನಾಲ್ಕು ಗಾಮಾ ಒಂದರ ಹಿಂದೊಂದು ಬರುತ್ತವೆ. ಕೂಡಿಸಿ ನೋಡಿ, 4848 ಆಗುತ್ತೆ. ಉತ್ತರ ಗೊತ್ತಿರುವ ಲೆಕ್ಕ ಇದು, ನಿಮ್ಮ ಇಡೀ ವಿಶ್ಲೇಷಣೆ ಸರಿಯಿದೆಯಾ ಅಂತ ಇದರಲ್ಲೇ ಗೊತ್ತಾಗುತ್ತೆ.

ನಾನು ಹೇಳುತ್ತಿರುವುದು ಜಪಾನಿನ ವಾಕೋದಲ್ಲಿರುವ ರೈಕೆನ್‌ನಲ್ಲಿ ಮಾಡುವಂಥ ಪ್ರಯೋಗ. ಯುರೇನಿಯಂ-238ನ್ನು ಬೆರಿಲಿಯಂಗೆ ಹೊಡೆಸಿ, ಒಡೆದ ಚೂರುಗಳನ್ನು ಅಯಸ್ಕಾಂತಗಳ ಮೂಲಕ ಬೇರ್ಪಡಿಸಿ, ಕೊನೆಯಲ್ಲಿ ನಿಲ್ಲಿಸಿ, ಸುತ್ತಲೂ ಜರ್ಮೇನಿಯಂ ಡಿಟೆಕ್ಟರ್ ಇಟ್ಟು ಗಾಮಾಕ್ಕೆ ಕಾಯೋದು.

ಮೊದಲು ಯಾವ ಅಯಾನ್ ಬಂತು ಅನ್ನೋದು ಖಚಿತ ಆಗಬೇಕು. ಎಲ್ಲ ಎಲೆಕ್ಟ್ರಾನ್ ಕಳಚಿಕೊಂಡ ತವರ-132ಕ್ಕೆ ದ್ರವ್ಯರಾಶಿ ಸಂಖ್ಯೆಯನ್ನು ವಿದ್ಯುದಾವೇಶದಿಂದ ಭಾಗಿಸಿದರೆ 2.640. ಒಂದು ಎಲೆಕ್ಟ್ರಾನ್ ಉಳಿಸಿಕೊಂಡ ತವರ-129ಕ್ಕೆ 2.633. ಇಷ್ಟು ಹತ್ತಿರ ಇರುವುದರಿಂದ ಅಯಾನ್ ಗುರುತಿಸುವ ಪ್ಲಾಟ್‌ನಲ್ಲಿ ಕಾಣುವ ಗುಂಪನ್ನು ಸುಮ್ನೆ ನಂಬಬೇಡಿ. ಆ ಗುಂಪಿನ ಮೇಲೆ ಗೇಟ್ ಹಾಕಿ, ಅಂದರೆ ಅದರ ಡೇಟಾ ಮಾತ್ರ ಆರಿಸಿ, ನಾಲ್ಕೂ ಗಾಮಾ ಕಂಡರೆ ಗುರುತು ಸರಿ.

ಆಮೇಲೆ ಒಂದು ಕಡೆ ಶಕ್ತಿ, ಇನ್ನೊಂದು ಕಡೆ ಸಮಯ ಇಟ್ಟು ಎರಡು ಆಯಾಮದ ಚಿತ್ರ ಬರೆಯಿರಿ. ಇದನ್ನು ನಿಧಾನವಾಗಿ ನೋಡಿ, ಅವಸರ ಮಾಡಬೇಡಿ. ಅಯಾನ್ ಬಂದು ಬಡಿದ ಕ್ಷಣದಲ್ಲಿ ಎಕ್ಸ್-ರೇ, ಬ್ರೆಮ್‌ಸ್ಟ್ರಾಲುಂಗ್ (ಕಣ ನಿಧಾನಿಸುವಾಗ ಹೊಮ್ಮುವ ವಿಕಿರಣ) ಎಲ್ಲ ಒಟ್ಟಿಗೆ ನುಗ್ಗಿ ಒಂದು ದಟ್ಟ ಪಟ್ಟಿ ಮೂಡಿರುತ್ತೆ. ಆ ಪಟ್ಟಿ ನೇರವಾಗಿರುವುದಿಲ್ಲ, ಕಡಿಮೆ ಶಕ್ತಿಯ ಕಡೆ ಬಾಗಿರುತ್ತೆ, ಯಾಕೆಂದರೆ ಜರ್ಮೇನಿಯಂನಲ್ಲಿ ಚಿಕ್ಕ ಸಿಗ್ನಲ್ ತಡವಾಗಿ ಮಿತಿ ದಾಟುತ್ತೆ. ಆ ಪಟ್ಟಿ ಹೊರಗುಳಿಯುವ ಹಾಗೆ ಗೇಟನ್ನು ಅದರ ಬಾಗಿದ ಆಕಾರಕ್ಕೆ ತಕ್ಕಂತೆ ಎಳೆಯಿರಿ. ನೇರ ಗೆರೆ ಎಳೆದರೆ 132 ಕೆಇವಿ ಗೆರೆಯೊಳಗೆ ಆ ಪಟ್ಟಿಯ ಬಾಲ ಸೇರಿಕೊಂಡು ಅರ್ಧಾಯುಷ್ಯ ಕಡಿಮೆ ಬರುತ್ತೆ.

ಈಗ ನಾಲ್ಕು ಗಾಮಾಗಳಿಗೂ ಬೇರೆ ಬೇರೆಯಾಗಿ ಸಮಯದ ವಕ್ರರೇಖೆ ತೆಗೆಯಿರಿ. ಹಿನ್ನೆಲೆಯನ್ನು ಪೀಕ್‌ನ ಅಕ್ಕಪಕ್ಕದಿಂದ ತೆಗೆದುಕೊಳ್ಳಿ. ಎಣಿಕೆ ಕಡಿಮೆ ಇದ್ದು ಖಾಲಿ ಬಿನ್‌ಗಳು ಬರುತ್ತಿದ್ದರೆ ಫಿಟ್ ಮಾಡಲು ಲೀಸ್ಟ್ ಸ್ಕ್ವೇರ್ಸ್ ವಿಧಾನ ಬಿಟ್ಟು ಮ್ಯಾಕ್ಸಿಮಮ್ ಲೈಕ್ಲಿಹುಡ್ ವಿಧಾನ ಬಳಸಿ. ನಾಲ್ಕರಲ್ಲೂ ಒಂದೇ ಅರ್ಧಾಯುಷ್ಯ ಬರಬೇಕು, ಯಾಕೆಂದರೆ ಮೇಲಿನ 8+ ಕದಲುವ ತನಕ ಕೆಳಗಿನವು ಹೊರಡೋದೇ ಇಲ್ಲ ಅಲ್ವಾ. ಒಂದರಲ್ಲಿ ಬೇರೆ ಬಂದರೆ ಅಲ್ಲಿ ಕಲಬೆರಕೆ ಇದೆ. ಆಗ 300 ಕೆಇವಿ ಗಾಮಾದ ಮೇಲೆ ಗೇಟ್ ಹಾಕಿ 375 ಮತ್ತು 4041 ಜೊತೆಗೆ ಬರುತ್ತವಾ ನೋಡಿ. ಒಂದೇ ಪೀಕ್ ನಂಬಿ ಹೊಸ ಐಸೋಮರ್ ಸಿಕ್ಕಿತು ಅಂತ ಯಾವತ್ತೂ ಹೇಳಬೇಡಿ.

ಅರ್ಧಾಯುಷ್ಯ ಸಿಕ್ಕಿದ್ದಕ್ಕೆ ಕೆಲಸ ನಿಲ್ಲಿಸಬೇಡಿ, ನಿಜವಾದ ರುಚಿ ಮುಂದಿದೆ. 132 ಕೆಇವಿ ಇಳಿತದ ಇ2 (ವಿದ್ಯುತ್ ಕ್ವಾಡ್ರುಪೋಲ್) ಬಲ ಲೆಕ್ಕ ಹಾಕಿ. ಈ ಇಳಿತದ ಸುಮಾರು ಮೂರನೇ ಒಂದು ಪಾಲು ಗಾಮಾ ಬಿಡದೆ ಎಲೆಕ್ಟ್ರಾನನ್ನೇ ಹೊರಗೆ ತಳ್ಳುತ್ತೆ, ಅದನ್ನು ಸೇರಿಸಲೇಬೇಕು. ಶಕ್ತಿ ಐದನೇ ಘಾತದಲ್ಲಿ ಬರುವುದರಿಂದ ಅದರಲ್ಲಿ ನೂರಕ್ಕೆ 2ರಷ್ಟು ತಪ್ಪಿದರೆ ಉತ್ತರ ನೂರಕ್ಕೆ 10ರಷ್ಟು ತಪ್ಪುತ್ತೆ. ಸರಿಯಾಗಿ ಮಾಡಿದರೆ ಸುಮಾರು 0.11 ವೈಸ್ಕಾಫ್ ಘಟಕ ಬರಬೇಕು (ಒಂದೇ ಕಣ ಜಾಗ ಬದಲಿಸಿದರೆ ಬರುವ ಅಂದಾಜು ಬಲವೇ ಒಂದು ಘಟಕ). ಇಷ್ಟು ಸಣ್ಣ ಸಂಖ್ಯೆಯನ್ನು ನೋಡಿದಾಗ ನನಗೆ ಈಗಲೂ ಖುಷಿಯಾಗುತ್ತೆ: ಇಡೀ ನ್ಯೂಕ್ಲಿಯಸ್ ಅಲುಗಾಡದೆ ಒಂದೆರಡು ಕಣಗಳಷ್ಟೇ ಜೋಡಣೆ ಬದಲಿಸುತ್ತಿವೆ ಅಂತ ಅದರಲ್ಲೇ ಕಾಣುತ್ತೆ.

ಇದೆಲ್ಲ ಹೊಂದಿದ ಮೇಲೆ ತವರ-134ಕ್ಕೆ ಹೋಗಿ. ಅಲ್ಲಿ 6+ ಐಸೋಮರ್, 174 ಕೆಇವಿ ಗಾಮಾ, ಅರ್ಧಾಯುಷ್ಯ ಬರೀ 80 ನ್ಯಾನೋಸೆಕೆಂಡ್ ಆಸುಪಾಸು. ಅಯಾನ್‌ನ ಸ್ವಂತ ಗಡಿಯಾರದಲ್ಲಿ ಹಾರಾಟಕ್ಕೆ 500 ನ್ಯಾನೋಸೆಕೆಂಡ್ ಹಿಡಿದರೆ ನೂರರಲ್ಲಿ ಒಂದೆರಡು ಮಾತ್ರ ಉಳಿದು ಡಿಟೆಕ್ಟರ್ ತನಕ ಬರುತ್ತವೆ. ಎಲೆಕ್ಟ್ರಾನ್ ಇಲ್ಲದೆ ಹಾರುವಾಗ ಆ ಎಲೆಕ್ಟ್ರಾನ್ ತಳ್ಳುವ ದಾರಿ ಮುಚ್ಚಿರುವುದರಿಂದ ಸ್ವಲ್ಪ ಜಾಸ್ತಿ ಬದುಕುತ್ತವೆ, ಅಷ್ಟೇ. ಬಂದವುಗಳಲ್ಲೂ ಮೊದಲ 80 ನ್ಯಾನೋಸೆಕೆಂಡ್ ಗೇಟಿನಿಂದ ಹೊರಗುಳಿದರೆ ಅರ್ಧ ಡೇಟಾ ಹೋದ ಹಾಗೆ. ತವರ-132ರಲ್ಲಿ ಎಳೆದ ಆ ಬಾಗಿದ ಗೇಟನ್ನೇ ಇಲ್ಲಿಗೂ ತನ್ನಿ, ಆದರೆ ಶುರುವಿನ ಅಂಚನ್ನು ಎಷ್ಟು ಹಿಂದಕ್ಕೆ ಸರಿಸಬಹುದು ಅಂತ ಸ್ವಲ್ಪ ಸ್ವಲ್ಪವೇ ಸರಿಸಿ ನೋಡಿ, ಪ್ರತಿ ಸಲ ಫಿಟ್ ಮಾಡಿ, ಅರ್ಧಾಯುಷ್ಯ ಕುಸಿಯಲು ಶುರುವಾದ ಕಡೆ ನಿಲ್ಲಿಸಿ ಒಂದು ಹೆಜ್ಜೆ ಮುಂದಕ್ಕೆ ಬನ್ನಿ.