ಕೊರೆಯುವ ಚಳಿಯಲ್ಲಿ ಡ್ರೋನ್ ಹಾರಿಸುವವರಿಗೆ

ತಾಪಮಾನ 0 ಡಿಗ್ರಿಯ ಆಸುಪಾಸಿಗೆ ಇಳಿದಾಗ ಡ್ರೋನಿನ ಬ್ಯಾಟರಿಯನ್ನು ಹಾರಿಸುವ ಗಳಿಗೆಯವರೆಗೂ ಮೈಶಾಖ ತಾಗುವಂತೆ ಒಳಜೇಬಿನಲ್ಲಿ ಇಟ್ಟುಕೊಳ್ಳಿ (ಆ ಜೇಬಿನಲ್ಲಿ ಬೀಗದ ಕೈ, ನಾಣ್ಯ ಇರಲೇಕೂಡದು). ಜೋಡಿಸಿದ ಬಳಿಕ ಡ್ರೋನನ್ನು ಎದೆಯೆತ್ತರದಲ್ಲಿ ಒಂದೆರಡು ನಿಮಿಷ ಗಾಳಿಯಲ್ಲೇ ನಿಲ್ಲಿಸಿ, ಆಮೇಲಷ್ಟೇ ಮೇಲೇರಿಸಿ. ಲಿಥಿಯಂ ಪಾಲಿಮರ್ ಬ್ಯಾಟರಿ ತಣ್ಣಗಾದಷ್ಟೂ ಅದರ ಆಂತರಿಕ ರೋಧ (ವಿದ್ಯುತ್ ಹರಿವಿಗೆ ಒಳಗಿನ ತಡೆ) ಹೆಚ್ಚುವುದರಿಂದ, ಥ್ರಾಟಲ್ (ಮೋಟರುಗಳ ವೇಗದ ನಿಯಂತ್ರಣ) ಏರಿಸಿದೊಡನೆ ವೋಲ್ಟೇಜ್ ಕುಸಿಯುತ್ತದೆ. ಪರದೆಯಲ್ಲಿ ಅರ್ಧ ಚಾರ್ಜ್ ಕಾಣುತ್ತಿದ್ದರೂ ಡ್ರೋನ್ ತಾನಾಗಿ ಇಳಿಯತೊಡಗುವುದು ಬಹುಮಟ್ಟಿಗೆ ಇದೇ ಕಾರಣಕ್ಕೆ. ಹೆಪ್ಪುಗಟ್ಟುವ ಚಳಿಯೊಂದಿಗೆ ಮಂಜು ಕವಿದಿದ್ದರೆ ಮಾತ್ರ ಈ ಉಪಾಯ ನೆರವಾಗದು: ಪ್ರೊಪೆಲ್ಲರ್‌ಗಳ ಅಂಚಿಗೆ ಹಿಮ ಕಟ್ಟಿ ಎತ್ತುವ ಬಲವೇ ಕುಂದುತ್ತದೆ, ಅಂಥ ದಿನ ಹಾರಿಸದಿರುವುದೇ ಮೇಲು. ತಣ್ಣಗಿರುವ ಬ್ಯಾಟರಿಯನ್ನು ಕೂಡಲೇ ಚಾರ್ಜಿಗೆ ಹಾಕಲೂಬೇಡಿ. 0 ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಒಳಗೆ ಲಿಥಿಯಂ ಲೋಹ ಪದರಗಟ್ಟಿ ಸೆಲ್‌ಗೆ ಸರಿಪಡಿಸಲಾಗದ ಹಾನಿಯಾಗುತ್ತದೆ.