ಹಳೇ ಜೀಪಿಗೆ ಹೊಸ ಸ್ಟೀರಿಂಗ್ ಕಾಲಂ: ನಾನು ಆರಿಸಿದ್ದು ಹೀಗೆ

ಸ್ಟೀರಿಂಗ್ ಕಾಲಂ, ಅಂದರೆ ವೀಲಿನಿಂದ ಕೆಳಗೆ ಇಳಿಯುವ ಶಾಫ್ಟ್ ಮತ್ತು ಅದರ ಕೊಳವೆ, ಬದಲಾಯಿಸಬೇಕು ಅಂದರೆ ಜಾಸ್ತಿ ಜನ ಮೇಲಿನಿಂದ ಶುರು ಮಾಡುತ್ತಾರೆ. ಯಾವ ವೀಲ್ ಚೆನ್ನಾಗಿ ಕಾಣುತ್ತದೆ, ಇಂಡಿಕೇಟರ್ ಕಡ್ಡಿ ಇದೆಯಾ, ಕೀ ಎಲ್ಲಿ ಬರುತ್ತದೆ, ಹೀಗೆ. ನಾನು ಕೆಳಗಿನಿಂದ ಶುರು ಮಾಡಿದೆ. ನಮ್ಮ ಗಾಡಿಗೆ ಬೇರೆ ದಾರಿಯೂ ಇರಲಿಲ್ಲ.

ಗಾಡಿ 1960ರ ದಶಕದ ಮಹೀಂದ್ರ ವಿಲ್ಲಿಸ್ ಸಿಜೆ-3ಬಿ. ಎತ್ತರದ ಬಾನೆಟ್, ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್. ಅಮೆರಿಕದಲ್ಲಿ ಈ ಮಾಡೆಲ್ 1953ರಲ್ಲಿ ಬಂದು 1968ಕ್ಕೆ ನಿಂತಿತು. ನಮ್ಮಲ್ಲಿ ಮಹೀಂದ್ರದವರು ಅದೇ ಮುಖದ ಜೀಪನ್ನು ಆಮೇಲೂ ಎಷ್ಟೋ ವರ್ಷ ಮಾಡಿದರು. ಗುಬ್ಬಿ ಕಡೆಯ ನಮ್ಮ ತೋಟದಲ್ಲಿ ಅದು ಜೀಪಲ್ಲ, ಸಣ್ಣ ಲಾರಿ. ತೆಂಗಿನಕಾಯಿ, ಅಡಿಕೆ ಗೊನೆ, ಗೊಬ್ಬರ, ಎಲ್ಲವೂ ಅದರಲ್ಲೇ. ತೋಟದೊಳಗೆ ಸ್ಟೀರಿಂಗ್ ಎಷ್ಟು ಸಡಿಲವಿದ್ದರೂ ನಡೆಯುತ್ತದೆ. ಆದರೆ ತುಮಕೂರಿಗೆ ಬರಬೇಕು, ಹೆದ್ದಾರಿ 48ರಲ್ಲಿ ಕಂಟೇನರ್ ಲಾರಿಗಳ ಪಕ್ಕ ಓಡಿಸಬೇಕು ಅಂದಾಗ ಲೆಕ್ಕ ಬೇರೆ.

ಮೊದಲು ಒಂದು ಮಾತು. ವೀಲ್ ಅಲ್ಲಾಡುತ್ತದೆ ಅಂದ ಮಾತ್ರಕ್ಕೆ ತಪ್ಪು ಕಾಲಂದೇ ಆಗಬೇಕಿಲ್ಲ. ಒಬ್ಬರು ಒಳಗೆ ಕೂತು ವೀಲನ್ನು ಆ ಕಡೆ ಈ ಕಡೆ ಸ್ವಲ್ಪವೇ ಆಡಿಸಬೇಕು, ಇನ್ನೊಬ್ಬರು ಕೆಳಗೆ ಮಲಗಿ ಒಂದೊಂದೇ ಜಾಯಿಂಟ್ ಮೇಲೆ ಕೈ ಇಟ್ಟು ನೋಡಬೇಕು. ಚಕ್ರಗಳಿಗೆ ಹೋಗುವ ಟೈ ರಾಡಿನ ತುದಿ, ಸ್ಟೀರಿಂಗ್ ಬಾಕ್ಸಿನಿಂದ ಹೊರಡುವ ಡ್ರ್ಯಾಗ್ ಲಿಂಕ್ ರಾಡ್, ಚಕ್ರ ಆ ಕಡೆ ಈ ಕಡೆ ತಿರುಗುವ ಕಿಂಗ್ ಪಿನ್ನಿನ ಬೇರಿಂಗ್. ಜೀಪಿನಲ್ಲಿ ಮುಂದಿನ ಅಡ್ಡ ಮೆಂಬರ್ ಮೇಲೆ ಡ್ರ್ಯಾಗ್ ಲಿಂಕಿನ ಎಳೆತವನ್ನು ಟೈ ರಾಡ್ ಕಡೆ ತಿರುಗಿಸುವ ಬೆಲ್ ಕ್ರ್ಯಾಂಕ್ ಅಂತ ಇನ್ನೊಂದು ತುಂಡು ಇರುತ್ತದೆ, ಅದರ ಬುಷ್ ಸವೆದರೂ ಇಡೀ ಗಾಡಿ ತೂರಾಡುತ್ತದೆ. ನಮ್ಮದರಲ್ಲಿ ಬೆಲ್ ಕ್ರ್ಯಾಂಕೂ ಹೋಗಿತ್ತು, ಶಾಫ್ಟಿನ ತಿರುವನ್ನು ಚಕ್ರದ ಕಡೆ ಕಳಿಸುವ ಸ್ಟೀರಿಂಗ್ ಬಾಕ್ಸೂ ಹೋಗಿತ್ತು, ಕಾಲಂ ಮೇಲ್ಗಡೆಯ ಬೇರಿಂಗೂ ಹೋಗಿತ್ತು. ಕೇಂದ್ರ ಮೋಟಾರು ವಾಹನ ನಿಯಮಗಳ 98ನೇ ನಿಯಮದ ಪ್ರಕಾರ ವೀಲಿನಲ್ಲಿ 30 ಡಿಗ್ರಿಗಿಂತ ಜಾಸ್ತಿ ಪ್ಲೇ, ಅಂದರೆ ಚಕ್ರ ಅಲುಗದೆ ವೀಲ್ ಮಾತ್ರ ತಿರುಗುವ ಸಡಿಲ, ಇರಬಾರದು. 40 ಸೆಂಟಿಮೀಟರ್ ಅಗಲದ ವೀಲಿಗೆ ಅದು ಅಂಚಿನಲ್ಲಿ ಹತ್ತು ಸೆಂಟಿಮೀಟರ್ ಚಿಲ್ಲರೆ ಆಗುತ್ತದೆ. ನನ್ನ ಅಭಿಪ್ರಾಯದಲ್ಲಿ ಅದೇ ಜಾಸ್ತಿ ಆಯಿತು. ನಮ್ಮ ಗಾಡಿ ಅದನ್ನೂ ದಾಟಿತ್ತು.

ಈಗ ಮುಖ್ಯ ವಿಷಯ. ಈ ಜೀಪಿನ ಬಾಕ್ಸ್ ರಾಸ್ ಮಾದರಿಯದ್ದು. ಒಳಗೆ ಸುರುಳಿ ಕೊರೆದ ಒಂದು ಕ್ಯಾಮ್, ಆ ಸುರುಳಿಯಲ್ಲಿ ಕೂರುವ ಎರಡು ಟೇಪರ್ ಗೂಟ, ಗೂಟಗಳನ್ನು ಹಿಡಿದ ಲಿವರ್. ಆ ಕ್ಯಾಮ್ ಮತ್ತು ವೀಲಿನವರೆಗೆ ಬರುವ ಉದ್ದನೆಯ ಶಾಫ್ಟ್ ಎರಡೂ ಒಂದೇ ತುಂಡು. ನಡುವೆ ಜಾಯಿಂಟ್ ಇಲ್ಲ. ಅಂದರೆ ಬರೀ ಕಾಲಂ ಬದಲಾಯಿಸುತ್ತೇನೆ ಅನ್ನುವ ಮಾತೇ ಇಲ್ಲಿ ಇಲ್ಲ. ಕಾಲಂ ಬೇಕಾದರೆ ಬಾಕ್ಸಿನ ಹೊಟ್ಟೆ ಬಿಚ್ಚಬೇಕು. ಹಳೇ ಲಾರಿ, ಹಳೇ ವ್ಯಾನ್ ಇಟ್ಟುಕೊಂಡವರು ಇದನ್ನು ಮೊದಲು ನೋಡಿಕೊಳ್ಳಿ. ಬಾಕ್ಸಿನಿಂದ ಸಣ್ಣ ಮೂತಿಯಷ್ಟೇ ಹೊರಗೆ ಬಂದಿದೆಯಾ, ಅಥವಾ ಶಾಫ್ಟ್ ನೇರವಾಗಿ ಕ್ಯಾಬಿನ್ನಿಗೇ ಬರುತ್ತದಾ? ಉತ್ತರದ ಮೇಲೆ ಉಳಿದದ್ದೆಲ್ಲ ನಿಂತಿದೆ.

ನನ್ನ ಮುಂದೆ ನಾಲ್ಕು ದಾರಿ ಇದ್ದವು. ಗುಜರಿಯಲ್ಲಿ ಅದೇ ಮಾಡೆಲಿನ ಹಳೇ ಬಾಕ್ಸ್ ಮತ್ತು ಶಾಫ್ಟ್ ತರುವುದು. ಸಿಗುತ್ತದೆ, ಆದರೆ ಇನ್ನೊಬ್ಬರ ಸವೆತವನ್ನು ದುಡ್ಡು ಕೊಟ್ಟು ತಂದಂತೆ. ಮುಚ್ಚಳ ಬಿಚ್ಚಿಸಿ ಕ್ಯಾಮಿನ ನಡುಭಾಗ ನೋಡಿದರೆ ಗೊತ್ತಾಗುತ್ತದೆ. ಗಾಡಿ ನೇರ ಓಡುವಾಗ ಗೂಟಗಳು ಕೂರುವುದು ಅಲ್ಲೇ, ಆದ್ದರಿಂದ ಮೊದಲು ತಿನ್ನುವುದೂ ಅಲ್ಲೇ. ಅಲ್ಲಿ ಗುಳಿ ಬಿದ್ದಿದ್ದರೆ ಬಾಕ್ಸಿನ ಸಡಿಲ ತೆಗೆಯುವ ಸ್ಕ್ರೂ ಬಿಗಿ ಮಾಡಿ ಪ್ರಯೋಜನವಿಲ್ಲ. ನಡುವಿನಲ್ಲಿ ಸರಿಹೋಗುವಷ್ಟು ಬಿಗಿದರೆ ತಿರುವಿನಲ್ಲಿ ಕಚ್ಚಿಕೊಳ್ಳುತ್ತದೆ.

ಎರಡನೆಯದು, ಹೊಸದಾಗಿ ಮಾಡಿದ ಕ್ಯಾಮ್ ಮತ್ತು ಶಾಫ್ಟ್ ತಂದು ಹಳೇ ಬಾಕ್ಸಿಗೆ ಹಾಕುವುದು. ಇದು ಕೆಟ್ಟ ದಾರಿಯಲ್ಲ. ಗಾಡಿಯನ್ನು ಫ್ಯಾಕ್ಟರಿಯಿಂದ ಬಂದ ಹಾಗೇ ಇಡಬೇಕು ಅನ್ನುವವರಿಗೆ ಇದೇ ಸರಿ. 2021ರಲ್ಲಿ ಬಂದ ವಿಂಟೇಜ್ ನಿಯಮದಲ್ಲಿ ವಿಎ ಸರಣಿಯ ನಂಬರ್ ಬೇಕಾದರೆ ಗಾಡಿಗೆ 50 ವರ್ಷ ದಾಟಿರಬೇಕು, ಚಾಸಿ, ಬಾಡಿ, ಎಂಜಿನ್ ದೊಡ್ಡದಾಗಿ ಬದಲಾಗಿರಬಾರದು. ಆ ಕಡೆ ಮನಸ್ಸಿದ್ದವರು ಮುಂದಿನದನ್ನು ಓದಿ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ಮೂರನೆಯದು, ಶಾಫ್ಟನ್ನು ನಡುವೆ ಕತ್ತರಿಸಿ ಕ್ರಾಸ್ ಜಾಯಿಂಟ್, ಅಂದರೆ ಬಾಗಿಕೊಂಡೇ ತಿರುಗುವ ಜಾಯಿಂಟ್, ವೆಲ್ಡ್ ಮಾಡುವುದು. ಇದನ್ನು ಹೇಳಿದ ಮೆಕ್ಯಾನಿಕ್‌ಗಳು ಒಬ್ಬಿಬ್ಬರಲ್ಲ. ಜೀಪಿನ ಶಾಫ್ಟ್ ಒಳಗೆ ಟೊಳ್ಳು, ಹಾರನ್ ವೈರ್ ಅದರೊಳಗೇ ಮೇಲೆ ಬರುತ್ತದೆ. ಆ ತೆಳು ಗೋಡೆಗೆ ಜಾಯಿಂಟ್ ಕೂರುವ ಹಲ್ಲು ಕೊರೆಯಲೂ ಆಗದು, ವೆಲ್ಡಿಂಗ್ ನಂಬಲೂ ಆಗದು. ತುಮಕೂರಿನ ಅಂತರಸನಹಳ್ಳಿಯಲ್ಲಿ ನನಗೆ ಗೊತ್ತಿರುವ ಲೇತ್‌ನವರೊಬ್ಬರು ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿ ಕೆಲಸ ಮಾಡಿದವರು. ಅವರು ಶಾಫ್ಟನ್ನು ಕೈಯಲ್ಲಿ ಹಿಡಿದು, ತುದಿಯ ತೂತು ನೋಡಿ, ಮಾತಾಡದೆ ವಾಪಸ್ ಕೊಟ್ಟರು. ಅಷ್ಟು ಸಾಕಾಯಿತು.

ನಾಲ್ಕನೆಯದು, ಬಾಕ್ಸನ್ನೇ ಬದಲಾಯಿಸಿ, ಆ ಬಾಕ್ಸಿಗೆ ತಕ್ಕ ಎರಡು ತುಂಡಿನ ಕಾಲಂ ಹಾಕುವುದು. ನಾನು ಹಿಡಿದದ್ದು ಇದನ್ನು. ಕಾರಣ ಒಂದೇ, ಎದೆ. ಜೀಪಿನ ಬಾಕ್ಸ್ ಇರುವುದು ಮುಂದೆ, ಎಂಜಿನ್ ಪಕ್ಕ. ಮುಂದಿನಿಂದ ಏಟು ಬಿದ್ದರೆ ಒಂದೇ ತುಂಡಿನ ಆ ಶಾಫ್ಟ್ ಈಟಿಯ ಹಾಗೆ ಸೀದಾ ಡ್ರೈವರ್ ಕಡೆ ಬರುತ್ತದೆ. ಮಡಚಿಕೊಳ್ಳುವ ಕಾಲಂ ಅನ್ನು ಜನರಲ್ ಮೋಟಾರ್ಸ್ 1967ರ ಕಾರುಗಳಲ್ಲಿ ತಂದಿತು. 1968ರಿಂದ ಅಮೆರಿಕದಲ್ಲಿ ಕಾರುಗಳಿಗೆ ಅದಕ್ಕೆ ಕಾನೂನೇ ಬಂತು. ನಮ್ಮ ಜೀಪಿನ ವಿನ್ಯಾಸ ಅದಕ್ಕಿಂತ ಹಿಂದಿನದು. ಈಗ ಮನೆಯಲ್ಲಿ ನನಗಿಂತ ಜಾಸ್ತಿ ಅದನ್ನು ಓಡಿಸುವುದು ಮಗಳು.

ಕಾಲಂ, ಬಾಕ್ಸ್ ಎಲ್ಲಿಂದ? ನಾನು ಮಾರುತಿ ಜಿಪ್ಸಿಯದನ್ನು ಆರಿಸಿದೆ. ಜಿಪ್ಸಿ 1985ರಿಂದ 2019ರವರೆಗೆ ಬಂದ ಗಾಡಿ. ಸೇನೆ, ಪೊಲೀಸ್ ಇಲಾಖೆ ಎಲ್ಲ ಕಡೆ ಇತ್ತು, ಹಾಗಾಗಿ ಹರಾಜಿನ ಗಾಡಿಗಳ ಸಾಮಾನು ಸಿಗುತ್ತದೆ. ಬಲಗಡೆ ಡ್ರೈವಿಂಗಿಗೇ ಮಾಡಿದ್ದು. ಕಾಲಂ ಒಂದರೊಳಗೊಂದು ಜಾರುವ ಎರಡು ಕೊಳವೆಯದ್ದು, ಏಟು ಬಿದ್ದರೆ ಕುಗ್ಗುತ್ತದೆ. ಬಾಕ್ಸ್ ಒಳಗೆ ಗುಂಡುಗಳು ಉರುಳುವ ರೀಸರ್ಕ್ಯುಲೇಟಿಂಗ್ ಬಾಲ್ ಮಾದರಿ. ಬಾಕ್ಸಿನಿಂದ ಸಣ್ಣ ಮೂತಿ ಮಾತ್ರ ಹೊರಗೆ, ಅದಕ್ಕೆ ಜಾಯಿಂಟ್ ಕೂರುತ್ತದೆ. ಬೊಲೆರೊ ಪವರ್ ಸ್ಟೀರಿಂಗ್ ಹಾಕು ಅಂತ ಹೇಳಿದವರೂ ಇದ್ದಾರೆ, ಎಷ್ಟೋ ಜೀಪುಗಳಲ್ಲಿ ಹಾಕಿಯೂ ಇದ್ದಾರೆ. ಪಂಪು, ಬೆಲ್ಟು, ಪೈಪು ಅಂತ ಎಂಜಿನ್ ಮುಂದೆ ಇನ್ನೊಂದು ಸಂಸಾರ ನನಗೆ ಬೇಡವಾಗಿತ್ತು. ಸಪೂರ ಟೈರಿನ ಹಗುರ ಗಾಡಿಗೆ ಅದರ ಅಗತ್ಯವೂ ಇಲ್ಲ.

ಹಳೇ ಕಾಲಂ ಕೊಳ್ಳುವಾಗ ಹುಷಾರು. ಗುಜರಿಗೆ ಬರುವ ಗಾಡಿಗಳಲ್ಲಿ ಗುದ್ದಿದವೇ ಜಾಸ್ತಿ. ಒಮ್ಮೆ ಕುಗ್ಗಿದ ಕಾಲಂ ಅನ್ನು ಎಳೆದು ಉದ್ದ ಮಾಡಿ ಮಾರುತ್ತಾರೆ, ನೋಡಲು ಹೊಸದರಂತೆ ಇರುತ್ತದೆ. ನಾನು ಓಡುತ್ತಿರುವ ಒಂದು ಜಿಪ್ಸಿಯ ಕಾಲಂ ಉದ್ದವನ್ನು ಟೇಪಿನಲ್ಲಿ ಅಳೆದು ಬರೆದಿಟ್ಟುಕೊಂಡು ಹೋಗಿದ್ದೆ. ಅದಕ್ಕಿಂತ ಗಿಡ್ಡ ಇದ್ದರೆ ಬೇಡ. ಉದ್ದ ಸರಿಯಿದ್ದರೂ ಎರಡು ಕೊಳವೆಗಳನ್ನು ಹಿಡಿದು ತಳ್ಳಿ ಎಳೆದರೆ ಜಾರಬಾರದು, ಕೊಳವೆ ಮೇಲೆ ಹೊಸ ಗೀರು ಇರಬಾರದು. ಇನ್ನೊಂದು ವಿಷಯ, ವೀಲ್ ಬಿಚ್ಚಲು ಶಾಫ್ಟಿನ ತುದಿಗೆ ಸುತ್ತಿಗೆಯಲ್ಲಿ ಹೊಡೆಯುವುದನ್ನು ಕಂಡರೆ ಆ ಕಾಲಂ ಬಿಟ್ಟು ಬನ್ನಿ. ಕಾಲಂ ಸುಮ್ಮನೆ ಕುಗ್ಗದಂತೆ ಹಿಡಿದಿರುವ ಒಳಗಿನ ಪ್ಲಾಸ್ಟಿಕ್ ಪಿನ್ ಅಲ್ಲೇ ತುಂಡಾಗುತ್ತದೆ. ವೀಲನ್ನು ಎಳೆದು ಬಿಚ್ಚುವ ಪುಲ್ಲರ್ ಇಲ್ಲದ ಅಂಗಡಿಗೆ ನಾನೇ ಪುಲ್ಲರ್ ತೆಗೆದುಕೊಂಡು ಹೋಗಿದ್ದೆ. ಅವರು ನಕ್ಕರು, ನಗಲಿ.

ದುಡ್ಡು ಕೊಡುವ ಮುಂಚೆ ಗಾಡಿಯಲ್ಲಿ ಪಿವಿಸಿ ಪೈಪ್ ಇಟ್ಟು ದಾರಿ ನೋಡಿದ್ದು ತುಂಬ ಉಪಯೋಗಕ್ಕೆ ಬಂತು. ಜೀಪಿನಲ್ಲಿ ಕಾಲಂ ಇಳಿಯುವುದು ಕ್ಲಚ್ ಮತ್ತು ಬ್ರೇಕ್ ಪೆಡಲ್‌ಗಳ ನಡುವೆ. ಹಾಗಾಗಿ ಆ ಕಡೆ ಈ ಕಡೆ ಒಂದು ಬೆರಳಿಗಿಂತ ಜಾಸ್ತಿ ಸರಿಸಲು ಜಾಗವಿಲ್ಲ. ಮಗಳನ್ನು ಸೀಟಿನಲ್ಲಿ ಕೂರಿಸಿ, ವೀಲ್ ಎಲ್ಲಿ ಬಂದರೆ ಮೊಣಕೈ ಸ್ವಲ್ಪ ಮಡಚಿ ಕೂರುತ್ತದೆ, ತೊಡೆಗೆ ತಾಗುವುದಿಲ್ಲ ಅಂತ ಗುರುತು ಮಾಡಿದೆವು. ಕೆಳಗಿನ ತುದಿ ಬಾಕ್ಸಿನ ಮೂತಿ, ಮೇಲಿನ ತುದಿ ಈ ಗುರುತು. ನಡುವೆ ಎಷ್ಟು ಉಳಿಯಿತೋ ಅದು ಮಧ್ಯದ ಶಾಫ್ಟ್.

ಜಾಯಿಂಟಿನ ಕೋನವನ್ನು ಜನ ಲೆಕ್ಕಕ್ಕೇ ತಗೊಳ್ಳುವುದಿಲ್ಲ. ಕ್ರಾಸ್ ಜಾಯಿಂಟ್ ಬಾಗಿದಷ್ಟೂ ತಿರುಗುವಿಕೆ ಸಮ ಇರುವುದಿಲ್ಲ. ಒಂದು ಸುತ್ತಿನಲ್ಲಿ ಎರಡು ಸಲ ವೇಗ, ಎರಡು ಸಲ ನಿಧಾನ. 15 ಡಿಗ್ರಿಯಲ್ಲಿ ಈ ವ್ಯತ್ಯಾಸ ಹೆಚ್ಚೆಂದರೆ ಶೇ. 3.5, ಕೈಗೆ ತಿಳಿಯದು. 30 ಡಿಗ್ರಿಗೆ ಹೋದರೆ ಶೇ. 15. ಆಗ ವೀಲ್ ಒಂದು ಕಡೆ ಹಗುರ, ಇನ್ನೊಂದು ಕಡೆ ಭಾರ ಅನ್ನಿಸುತ್ತದೆ. ಎರಡು ಜಾಯಿಂಟ್ ಇದ್ದು, ಎರಡರ ಕೋನ ಹೆಚ್ಚುಕಡಿಮೆ ಒಂದೇ ಇದ್ದು, ಮೂರು ಶಾಫ್ಟೂ ಒಂದೇ ಸಮತಲದಲ್ಲಿದ್ದು, ಮಧ್ಯದ ಶಾಫ್ಟಿನ ಎರಡೂ ತುದಿಯ ಫೋರ್ಕ್ (ಜಾಯಿಂಟ್ ಹಿಡಿಯುವ ಕವಲು) ಒಂದೇ ದಿಕ್ಕಿಗಿದ್ದರೆ ಒಂದರ ಏರಿಳಿತವನ್ನು ಇನ್ನೊಂದು ನುಂಗಿಬಿಡುತ್ತದೆ. ಮೊಬೈಲಿನ ಲೆವೆಲ್ ಆ್ಯಪ್ ಇಟ್ಟು ಅಳೆದಾಗ ನನಗೆ ಮೇಲೆ 22, ಕೆಳಗೆ 20 ಡಿಗ್ರಿ ಸಿಕ್ಕಿತು. ಅದನ್ನು ಪಡೆಯಲು ಬಾಕ್ಸಿನ ಬ್ರಾಕೆಟ್ ಜಾಗ ಬದಲಾಯಿಸಿದೆ, ಕಾಲಂ ಮುಟ್ಟಲಿಲ್ಲ. ಮೂರು ಜಾಯಿಂಟ್ ಹಾಕಬೇಕಾದ ಗಾಡಿಗಳಲ್ಲಿ ನಡುವೆ ಒಂದು ಬೇರಿಂಗ್ ಆಸರೆ ಬೇಕೇ ಬೇಕು, ಇಲ್ಲದಿದ್ದರೆ ಶಾಫ್ಟ್ ಹಗ್ಗ ತಿರುವಿದಂತೆ ಓಲಾಡುತ್ತದೆ.

ಮಧ್ಯದ ಶಾಫ್ಟ್ ಜಾರುವಂಥದ್ದೇ ಇರಬೇಕು. ಬಾಕ್ಸ್ ಚಾಸಿ ಮೇಲೆ, ಕಾಲಂ ಬಾಡಿ ಮೇಲೆ. ತೋಟದ ಬದು ಹತ್ತಿಸುವಾಗ ಚಾಸಿ ಒಂದು ಕಡೆ ತಿರುಚಿಕೊಂಡರೆ ಬಾಡಿ ಇನ್ನೊಂದು ಕಡೆ. ಎರಡರ ನಡುವೆ ಗಟ್ಟಿ ರಾಡ್ ಇದ್ದರೆ ಅದು ಕಾಲಂ ಬೇರಿಂಗನ್ನು ತಿನ್ನುತ್ತದೆ. ಇದಕ್ಕಾಗಿ ಗಾಡಿ ಸಾಮಾನಿನ ಅಂಗಡಿಗಳಿರುವ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದೆ, ಬಾಕ್ಸನ್ನು ಚೀಲದಲ್ಲಿ ಹಾಕಿಕೊಂಡೇ ಹೋದೆ. ಬಾಕ್ಸಿನ ಮೂತಿಗೂ ಜಾಯಿಂಟಿಗೂ ಹಲ್ಲಿನ ಲೆಕ್ಕ ಮತ್ತು ದಪ್ಪ ಎರಡೂ ಹೊಂದಬೇಕು, ಒಂದು ಹೊಂದಿದರೆ ಸಾಲದು. ಒಳ್ಳೆಯ ಜೋಡಿ ಕೈಯಲ್ಲಿ ಒತ್ತಿದರೆ ಕೂರುತ್ತದೆ. ಬಡಿದು ಕೂರಿಸುತ್ತೇನೆ ಅಂದ ಅಂಗಡಿಯಿಂದ ಎದ್ದು ಬಂದೆ. ಮೂತಿಯ ಹಲ್ಲಿನ ಮೇಲೆ ಅಡ್ಡ ಕೊರೆದ ಕಚ್ಚು ಇರುತ್ತದೆ, ಜಾಯಿಂಟಿನ ಬೋಲ್ಟ್ ಅದರೊಳಗೆ ಹಾದುಹೋಗಬೇಕು. ಬೋಲ್ಟ್ ಸಡಿಲವಾದರೂ ಜಾಯಿಂಟ್ ಕಳಚದಂತೆ ಹಿಡಿಯುವುದು ಆ ಕಚ್ಚೇ.

ಬಾಕ್ಸ್ ಕೂರಿಸಿದ ಕತೆ ಉದ್ದ, ಇಲ್ಲಿ ಚಿಕ್ಕದಾಗಿ ಹೇಳುತ್ತೇನೆ. ಚಾಸಿಗೆ ವೆಲ್ಡ್ ಮಾಡಲಿಲ್ಲ. ಎರಡು ಕಡೆ ದಪ್ಪ ಪ್ಲೇಟ್, ನಡುವೆ ಸ್ಪೇಸರ್ ಪೈಪ್, ತಲೆ ಮೇಲೆ 8.8 ಅಂತ ಗಟ್ಟಿತನದ ಗುರುತು ಇರುವ ಬೋಲ್ಟ್. ಬಿಚ್ಚಿದರೆ ಹಳೇ ಬಾಕ್ಸ್ ಮತ್ತೆ ಅದರ ಜಾಗಕ್ಕೆ ಬರಬೇಕು ಅನ್ನುವುದು ಷರತ್ತು. ಡ್ರ್ಯಾಗ್ ಲಿಂಕ್ ಈಗ ಅಡ್ಡಡ್ಡ ಎದುರಿನ ಚಕ್ರಕ್ಕೇ ಹೋಗುವುದರಿಂದ ಬೆಲ್ ಕ್ರ್ಯಾಂಕ್ ಬೇಕಿಲ್ಲ. ಆ ಲಿಂಕ್ ಆದಷ್ಟೂ ಆಕ್ಸಲ್‌ಗೆ ಸಮಾನಾಂತರ ಇರಬೇಕು, ಇಲ್ಲದಿದ್ದರೆ ಹಂಪ್ ಹತ್ತಿದಾಗಲೆಲ್ಲ ವೀಲ್ ತಾನೇ ತಿರುಗುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಆರ್‌ಸಿಯಲ್ಲಿರುವ ವಿವರಗಳು ಬದಲಾಗುವಂಥ ಮಾರ್ಪಾಡನ್ನು ತಡೆಯುತ್ತದೆ. ಸ್ಟೀರಿಂಗ್ ಆ ವಿವರಗಳಲ್ಲಿ ಇಲ್ಲ. ಆದರೂ ಕೆಲಸಕ್ಕೆ ಮುಂಚೆ ಆರ್‌ಟಿಒದಲ್ಲಿ ಕೇಳಿಕೊಂಡೆ, ಐದು ವರ್ಷಕ್ಕೊಮ್ಮೆ ನೋಂದಣಿ ನವೀಕರಣಕ್ಕೆ ಗಾಡಿ ಅವರ ಮುಂದೆಯೇ ನಿಲ್ಲಬೇಕಲ್ವಾ.

ಕಾಲಂ ಮೇಲ್ಗಡೆ ಹಿಡಿಯಲು ಜೀಪಿನ ಡ್ಯಾಶ್ ತಗಡು ಸಾಲದು. ಅದಕ್ಕೆ ಅಡ್ಡ ಪಟ್ಟಿ ಹಾಕಿ ಜಿಪ್ಸಿಯ ಬ್ರಾಕೆಟ್ಟನ್ನೇ ಬೋಲ್ಟ್ ಮಾಡಿದೆ. ಕೊಳವೆಯನ್ನೇ ಡ್ಯಾಶಿಗೆ ವೆಲ್ಡ್ ಮಾಡಿದ ಗಾಡಿ ನೋಡಿದ್ದೇನೆ. ಹಾಗೆ ಮಾಡಿದರೆ ಕುಗ್ಗುವ ಕಾಲಂ ತಂದು ಕುಗ್ಗದಂತೆ ಕಟ್ಟಿಹಾಕಿದ ಹಾಗಾಯಿತು. ಸ್ಟೀರಿಂಗ್ ಲಾಕಿನ ಪಿನ್ ತೆಗೆಸಿಬಿಟ್ಟೆ. ಎಷ್ಟೋ ಕೈ ಕಂಡ ಹಳೇ ಬಾರಲ್ ಓಡುವಾಗ ಲಾಕ್ ಆದರೆ ಅನ್ನುವ ಭಯ ನನಗೆ ಕಳ್ಳರ ಭಯಕ್ಕಿಂತ ದೊಡ್ಡದು. ಕೀ ಡ್ಯಾಶ್‌ನಲ್ಲೇ ಇದೆ. ಇಂಡಿಕೇಟರ್, ಹಾರನ್ ವೈರಿಂಗ್ ಒಂದು ಸಂಜೆಯ ಕೆಲಸ.

ಮೊದಲ ಓಟಕ್ಕೆ ದೇವರಾಯನದುರ್ಗದ ಘಾಟ್ ರಸ್ತೆಗೆ ಒಯ್ದೆವು. ಹೊರಡುವ ಮುಂಚೆ ಪ್ರತಿ ಬೋಲ್ಟಿಗೂ ಹಳದಿ ಪೇಂಟಿನ ಗೆರೆ ಎಳೆದಿದ್ದೆ, ಸರಿದರೆ ಕಾಣಲಿ ಅಂತ. ಇಳಿದು ಬಂದು ನೋಡಿದಾಗ ಬಾಕ್ಸ್ ಪ್ಲೇಟಿನ ಒಂದು ಬೋಲ್ಟ್ ಕೂದಲೆಳೆಯಷ್ಟು ಸರಿದಿತ್ತು, ಕೆಳಗಿನ ಬಣ್ಣ ಚಪ್ಪಟೆಯಾಗಿ ಸಡಿಲ ಬಿಟ್ಟಿತ್ತು. ಬಣ್ಣ ಕೆರೆದು ಬಿಗಿ ಮಾಡಿದೆ. ಆಮೇಲೆ ಸರಿದಿಲ್ಲ. ಈಗ ಪ್ಲೇ ಎರಡು ಬೆರಳಿನಷ್ಟು ಇದೆ.

ಉಳಿದಿರುವ ತಕರಾರು ವೀಲ್ ಒಂದೇ. ಹಳೇ ಮೂರು ಕಡ್ಡಿಯ ವೀಲ್ ಜಿಪ್ಸಿ ಶಾಫ್ಟಿನ ಹಲ್ಲಿಗೆ ಕೂರುವುದಿಲ್ಲ. ಅಡಾಪ್ಟರ್ ಮಾಡಿಕೊಡುತ್ತೇನೆ ಅಂತ ಲೇತ್‌ನವರು ಹೇಳಿದ್ದಾರೆ. ನಾನು ಇನ್ನೂ ಹೂಂ ಅಂದಿಲ್ಲ, ವೀಲಿಗೂ ಶಾಫ್ಟಿಗೂ ನಡುವೆ ಇನ್ನೊಂದು ತುಂಡು ನನಗೆ ಇಷ್ಟವಿಲ್ಲ. ಸದ್ಯಕ್ಕೆ ಜಿಪ್ಸಿಯ ಕಪ್ಪು ವೀಲೇ ಇದೆ. ಚೆನ್ನಾಗಿ ಕಾಣುವುದಿಲ್ಲ, ನಿಜ.