ಬೆಳೆಯ ಪಾಲು ತೋರಿಸಲು ಯಾವ ನಕ್ಷೆ?

ದಾವಣಗೆರೆಯ ರೈತ ಉತ್ಪಾದಕರ ಕಂಪನಿಯೊಂದರ ವಾರ್ಷಿಕ ವರದಿಗೆ ನಕ್ಷೆಗಳನ್ನು (ಚಾರ್ಟ್‌ಗಳನ್ನು) ಸಿದ್ಧಪಡಿಸುವುದು ನನ್ನ ಕೆಲಸ. ಸದಸ್ಯರ ಬಿತ್ತನೆಯಲ್ಲಿ ಮೆಕ್ಕೆಜೋಳದ ಪಾಲೆಷ್ಟು, ಭತ್ತದ್ದೆಷ್ಟು, ಅಡಿಕೆಯದ್ದೆಷ್ಟು ಎಂಬುದು ಸಭೆಯ ಕೊನೆಯ ಸಾಲಿನಲ್ಲಿ ಕುಳಿತವರಿಗೂ ತಿಳಿಯಬೇಕು. ಮುಂದಿನ ಹಂಗಾಮಿಗೆ ಯಾವ ಬೀಜ, ಯಾವ ಗೊಬ್ಬರ ತರಿಸಬೇಕೆಂಬ ಚರ್ಚೆ ಅಲ್ಲಿಂದಲೇ ಶುರುವಾಗುತ್ತದೆ. ರೈತರ ಹಣ ಯಾವ ದಿಕ್ಕಿಗೆ ಹೋಗಬೇಕೆಂಬುದು ಒಂದು ನಕ್ಷೆಯ ಮೇಲೆ ನಿಂತಿರುವಾಗ ಅದನ್ನು ವರದಿಯ ಅಲಂಕಾರವೆಂದು ನಾನು ಎಣಿಸಲಾರೆ.

ಯಾವ ನಕ್ಷೆ ಎಂದು ಯೋಚಿಸುವ ಮೊದಲು ನಾನು ಕೇಳಿಕೊಳ್ಳುವುದು, ಕೈಯಲ್ಲಿರುವ ಅಂಕಿಗಳು ನಿಜವಾಗಿಯೂ ಒಂದೇ ಇಡಿಯ ಭಾಗಗಳೇ ಎಂದು. ನಮ್ಮ ಕಡೆ ಈ ಪ್ರಶ್ನೆ ಸುಲಭದ್ದಲ್ಲ. ಭದ್ರಾ ಅಚ್ಚುಕಟ್ಟಿನಲ್ಲಿ ನಾಲೆಗೆ ನೀರು ಬಿಟ್ಟರೆ, ಮಳೆಗಾಲದಲ್ಲಿ ಭತ್ತ ಬೆಳೆದ ಗದ್ದೆಯಲ್ಲೇ ಬೇಸಿಗೆಗೂ ಭತ್ತ ನಾಟಿಯಾಗುತ್ತದೆ. ನೆಲ ಒಂದೇ ಎಕರೆ, ಬಿತ್ತನೆಯ ಲೆಕ್ಕದಲ್ಲಿ ಎರಡು. ಹಾಗಾಗಿ ಬೆಳೆಗಳ ಎಕರೆಗಳನ್ನೆಲ್ಲ ಕೂಡಿಸಿದರೆ ಸದಸ್ಯರ ಒಟ್ಟು ಜಮೀನಿಗಿಂತ ಹೆಚ್ಚು ಬರುತ್ತದೆ. ಇದು ಬಿತ್ತನೆಯ ಒಟ್ಟು ಕ್ಷೇತ್ರ, ಜಮೀನಿನ ಒಟ್ಟು ಅಲ್ಲ ಎಂದು ನಕ್ಷೆಯ ತಲೆಬರಹದಲ್ಲೇ ಬರೆಯುತ್ತೇನೆ. ‘ಯಾವ ಬೆಳೆಯನ್ನು ಶೇಕಡ ಎಷ್ಟು ರೈತರು ಬೆಳೆಯುತ್ತಾರೆ’ ಎಂಬುದಂತೂ ಪಾಲಿನ ಲೆಕ್ಕವೇ ಅಲ್ಲ. ಚನ್ನಗಿರಿಯ ಒಬ್ಬ ರೈತ ಅಡಿಕೆಯ ಸಾಲಿನಲ್ಲೂ ಮೆಕ್ಕೆಜೋಳದ ಸಾಲಿನಲ್ಲೂ ಬರುತ್ತಾನೆ. ಮೊತ್ತ ನೂರನ್ನು ದಾಟುತ್ತದೆ. ಅದಕ್ಕೆ ವೃತ್ತವನ್ನು ಹೋಳುಗಳಾಗಿ ಹಂಚಿ ತೋರಿಸುವ ಪೈ ಚಾರ್ಟ್ ಬರೆದರೆ ಇಲ್ಲದ ಇಡಿಯೊಂದನ್ನು ಕಲ್ಪಿಸಿದಂತೆ. ಅಲ್ಲಿ ಉದ್ದದಿಂದ ಪ್ರಮಾಣ ತೋರಿಸುವ ಬಿಡಿ ಬಿಡಿ ಪಟ್ಟಿಗಳೇ (ಬಾರ್) ಸರಿ.

ಇಡಿ ಖಚಿತವಾದ ಮೇಲೆ ಪೈ ಚಾರ್ಟ್ ಬೇಕೋ ಪಟ್ಟಿಗಳು ಬೇಕೋ ಎಂಬ ಪ್ರಶ್ನೆ. ವಿಲಿಯಂ ಪ್ಲೇಫೇರ್ 1801ರಲ್ಲಿ ಬಳಕೆಗೆ ತಂದ ಪೈ ಚಾರ್ಟ್ ಇಂದಿಗೂ ಎಲ್ಲರಿಗೂ ಪರಿಚಿತ. ಅರ್ಧ, ಕಾಲು ಎಂಬುದನ್ನು ಅದರಲ್ಲಿ ಕಣ್ಣು ತಟ್ಟನೆ ಗುರುತಿಸುತ್ತದೆ. ನೀರಾವರಿ ಎಷ್ಟು, ಮಳೆಯಾಶ್ರಿತ ಎಷ್ಟು ಎಂಬ ಎರಡೇ ಪಾಲಿಗೆ ನಾನು ಈಗಲೂ ಅದನ್ನೇ ಬಳಸುತ್ತೇನೆ. ಆದರೆ ಭತ್ತಕ್ಕೆ ನೂರರಲ್ಲಿ 24, ಅಡಿಕೆಗೆ 21 ಎಂದಿಟ್ಟುಕೊಳ್ಳೋಣ. ವೃತ್ತದಲ್ಲಿ ಯಾವುದು ದೊಡ್ಡದೆಂದು ಹೇಳುವುದು ಕಷ್ಟ; ಒಂದೇ ಗೆರೆಯಿಂದ ಹೊರಟ ಎರಡು ಪಟ್ಟಿಗಳಲ್ಲಿ ಕೂಡಲೇ ಕಾಣುತ್ತದೆ. ಕೋನಗಳನ್ನು ಹೋಲಿಸುವುದಕ್ಕಿಂತ ಒಂದೇ ಅಳತೆಗೆರೆಯ ಮೇಲಿನ ಸ್ಥಾನಗಳನ್ನು ಜನ ಹೆಚ್ಚು ನಿಖರವಾಗಿ ಹೋಲಿಸುತ್ತಾರೆಂದು ಸಂಶೋಧಕರಾದ ಕ್ಲೀವ್‌ಲ್ಯಾಂಡ್ ಮತ್ತು ಮೆಕ್‌ಗಿಲ್ 1984ರಲ್ಲಿಯೇ ಪ್ರಯೋಗದಿಂದ ತೋರಿಸಿದ್ದಾರೆ. ಐದಾರು ಬೆಳೆಗಳಿದ್ದರೆ ನಾನು ಅಡ್ಡ ಪಟ್ಟಿಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸುತ್ತೇನೆ. ಓರೆಯಾಗಿ ಮಲಗಿಸಿದ ದಪ್ಪ ಪೈ ಚಾರ್ಟನ್ನು ಮಾತ್ರ ಯಾರು ಕೇಳಿದರೂ ಮಾಡಿಕೊಡುವುದಿಲ್ಲ. ಮುಂದಿರುವ ಹೋಳು ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ನೋಡುವವರಿಗೆ ಅದು ಅನ್ಯಾಯ.

ವರ್ಷದಿಂದ ವರ್ಷಕ್ಕೆ ಪಾಲು ಹೇಗೆ ಬದಲಾಯಿತೆಂದು ತೋರಿಸಲು, ಪ್ರತಿ ವರ್ಷಕ್ಕೂ ನೂರರ ಎತ್ತರದ ಒಂದು ಕಂಬ ನಿಲ್ಲಿಸಿ ಬೆಳೆಗಳನ್ನು ಒಂದರ ಮೇಲೊಂದು ಪೇರಿಸುತ್ತೇನೆ. ಚರ್ಚೆಯಾಗಬೇಕಾದ ಬೆಳೆ ತಳದಲ್ಲಿರಬೇಕು. ನಡುವೆ ಸಿಕ್ಕಿಕೊಂಡ ಬೆಳೆಯ ಏರಿಳಿತ ಕಣ್ಣಿಗೆ ದಕ್ಕುವುದಿಲ್ಲ, ಏಕೆಂದರೆ ಅದರ ಬುಡವೇ ಪ್ರತಿ ವರ್ಷ ಸರಿದಾಡುತ್ತಿರುತ್ತದೆ. ಎರಡು ಮೂರು ಬೆಳೆಗಳ ಜಾಡು ಹಿಡಿಯಬೇಕಿದ್ದರೆ ಕಂಬ ಬಿಟ್ಟು ಗೆರೆಗಳಿಗೆ ಹೋಗುತ್ತೇನೆ. ಜಿಲ್ಲೆಯ ಅಂಕಿಗಳನ್ನು ಪಕ್ಕದಲ್ಲಿ ಕೊಡುವಾಗ ಇನ್ನೊಂದು ಎಚ್ಚರಿಕೆ ಬೇಕು. 1997ರಲ್ಲಿ ಜಿಲ್ಲೆಯಾದಾಗ ದಾವಣಗೆರೆಯಲ್ಲಿದ್ದ ಹರಪನಹಳ್ಳಿ ತಾಲ್ಲೂಕು 2018ರಲ್ಲಿ ಬಳ್ಳಾರಿಗೆ ಸೇರಿತು. ಅಲ್ಲಿಗೆ ಇಡಿಯೇ ಬೇರೆಯಾಯಿತು. ಅದರ ಹಿಂದಿನ ಮುಂದಿನ ವರ್ಷಗಳನ್ನು ಹೋಲಿಸುವಾಗ ಹರಪನಹಳ್ಳಿಯ ಅಂಕಿಗಳನ್ನು ಹಳೆಯ ವರ್ಷಗಳಿಂದ ಕಳೆದೇ ಶೇಕಡಾವಾರು ಹಾಕುತ್ತೇನೆ.

ಸಭೆಯಲ್ಲಿ ಹಂಚುವುದು ಕಪ್ಪು-ಬಿಳುಪಿನ ಜೆರಾಕ್ಸ್ ಪ್ರತಿ. ಹಸಿರು, ಕೆಂಪು ಎಲ್ಲವೂ ಒಂದೇ ಬೂದು ಬಣ್ಣವಾಗುವುದರಿಂದ ಬೆಳೆಯ ಹೆಸರನ್ನೂ ಅಂಕಿಯನ್ನೂ ಪಟ್ಟಿಯ ಪಕ್ಕದಲ್ಲೇ ಬರೆಯುತ್ತೇನೆ. ಸಣ್ಣ ಪಾಲುಗಳನ್ನೆಲ್ಲ ‘ಇತರೆ’ ಎಂದು ಕೂಡಿಸಿ, ಆ ಮೊತ್ತ ಎಷ್ಟೇ ದೊಡ್ಡದಿದ್ದರೂ, ಕೊನೆಯಲ್ಲಿ ಇಡುತ್ತೇನೆ. ಈರುಳ್ಳಿಯನ್ನೋ ತೊಗರಿಯನ್ನೋ ನಂಬಿದ ಸದಸ್ಯರು ತಮ್ಮ ಬೆಳೆ ಎಲ್ಲಿ ಎಂದು ಕೇಳುವುದು ನ್ಯಾಯವೇ. ಅವರಿಗಾಗಿ ನಕ್ಷೆಯ ಕೆಳಗೆ ಪ್ರತಿಯೊಂದು ಬೆಳೆಯ ಎಕರೆಯೂ ಇರುವ ಪೂರ್ಣ ಕೋಷ್ಟಕವನ್ನು ಕೊಡುತ್ತೇನೆ.